ಟಿ-55ಗೆ 105 ಎಂಎಂ ಗನ್: ಮೂರನೇ ಸಲಕ್ಕೆ ನನ್ನ ಪ್ರಸ್ತಾವ ಪಾಸಾಯಿತು

"ಆಟದಲ್ಲಿ ಆಗಲೇ ಬೇಕಾದಷ್ಟು ಟಿ-55 ಇವೆ, ಇನ್ನೊಂದು ಯಾರಿಗೆ ಬೇಕು?" ನಾವು ಆಡೋದು ಟ್ಯಾಂಕ್‌ಗಳ ಯುದ್ಧದ ಆನ್‌ಲೈನ್ ಆಟ; ಹೊಸ ಟ್ಯಾಂಕ್ ಸೇರಿಸಿ ಅಂತ ಆಟಗಾರರೇ ಪುರಾವೆ ಸಮೇತ ಪ್ರಸ್ತಾವ ಕಳಿಸಬಹುದು. ನಾನು ಕಳಿಸಿದ್ದಕ್ಕೆ ಎರಡು ವರ್ಷ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಜೊತೆಗೆ ಆಡುವ ಗೆಳೆಯರೇ ಹಾಗೆ ಹೇಳಿದ್ದರು. ಹೋದ ತಿಂಗಳು ಉತ್ತರ ಬಂತು. ಭಾರತೀಯ ಸೇನೆಯಲ್ಲಿದ್ದ ರಷ್ಯನ್ ಟ್ಯಾಂಕ್ ಟಿ-55, ಹಳೇ 100 ಎಂಎಂ ಗನ್ ತೆಗೆದು 105 ಕೂರಿಸಿದ್ದು, ಪರಿಶೀಲನೆ ದಾಟಿ ಡೆವಲಪರ್‌ಗಳ ಪಟ್ಟಿಗೆ ಹೋಗಿದೆ. ಆಟಕ್ಕೆ ಯಾವಾಗ ಇಳಿಸುತ್ತಾರೆ ಅನ್ನೋದು ಅವರ ಕೈಯಲ್ಲಿದೆ. ಆದರೆ ನಮ್ಮ ಬಳಗದಿಂದ ಇಷ್ಟು ದೂರ ಹೋದ ಪ್ರಸ್ತಾವ ಇದೊಂದೇ. ಹೇಗೆ ಮಾಡಿದೆ ಅಂತ ಕೇಳಿದವರು ತುಂಬಾ ಜನ, ಅದಕ್ಕೇ ಬರೆಯುತ್ತಿದ್ದೇನೆ. ಮೊದಲೇ ಎರಡು ಪದ ಹೇಳಿಬಿಡುತ್ತೇನೆ: ಬಿ.ಆರ್. ಅಂದರೆ ಒಂದು ಟ್ಯಾಂಕ್ ಆಟದಲ್ಲಿ ಯಾವ ಮಟ್ಟದ ಎದುರಾಳಿಗಳ ಜೊತೆ ಸೆಣಸಬೇಕು ಅಂತ ಹೇಳುವ ಅಂಕ; ಎಪಿಡಿಎಸ್ ಅಂದರೆ ಹಾರುವಾಗ ಹೊರಕವಚ ಕಳಚಿಕೊಂಡು ಉಕ್ಕು ಸೀಳುವ ಗುಂಡು.

ಮೊದಲ ಪ್ರಸ್ತಾವವನ್ನು ಒಂದೇ ರಾತ್ರಿಯಲ್ಲಿ ಬರೆದಿದ್ದೆ. ಅಲ್ಲಿ ಇಲ್ಲಿ ಓದಿದ್ದನ್ನೆಲ್ಲ ತುಂಬಿಸಿದ್ದೆ. ಹೊಸ ಎಂಜಿನ್, ಲೇಸರ್ ರೇಂಜ್‌ಫೈಂಡರ್, ರಾತ್ರಿ ನೋಡುವ ಸಾಧನ, ಏನುಂಟು ಏನಿಲ್ಲ. ಒಂದು ತಾಣದಿಂದ ಇನ್ನೊಂದು ತಾಣ ನಕಲು ಮಾಡಿಕೊಂಡ ಸಾಲುಗಳು ಅವು, ಮೂಲ ಯಾವುದು ಅಂತ ಹುಡುಕಿದರೆ ಎಲ್ಲೂ ಇಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಕೊಟ್ಟಿದ್ದು ಫೋಟೊ.

1971ರ ಯುದ್ಧದ ಒಂದು ಕಪ್ಪು-ಬಿಳುಪು ಚಿತ್ರ ಸಿಕ್ಕಿತ್ತು. ನಮ್ಮದೇ ಟ್ಯಾಂಕ್. ಬ್ಯಾರಲ್‌ನ ನಡುವೆ ದಪ್ಪನೆಯ ಉಬ್ಬು. ಬ್ರಿಟಿಷರ 105 ಎಂಎಂ ಎಲ್7 ಗನ್‌ಗೆ ಹೊಗೆ ಎಳೆಯುವ ಡಬ್ಬಿ ಬ್ಯಾರಲ್‌ನ ನಡುಭಾಗದಲ್ಲೇ ಇರೋದು, ಅಲ್ವಾ? ಟಿ-55ರ ಹಳೇ ರಷ್ಯನ್ 100 ಎಂಎಂ ಗನ್ ಡಿ-10ಗೆ ಅದು ತುದಿಯಲ್ಲಿ, ಗುಂಡು ಹೊರಬರುವ ಬಾಯಿಯ ಹತ್ತಿರ. ಹಾಗಾಗಿ ಇದು 105 ಅಂತ ಖುಷಿಯಿಂದ ಹಾಕಿಬಿಟ್ಟೆ. ಮೂರೇ ದಿನಕ್ಕೆ ತಿರಸ್ಕಾರ. ಕಾರಣ ಓದಿದಾಗ ಕಣ್ಣು ತೆರೆಯಿತು. ಪಾಕಿಸ್ತಾನದ ಬಳಿ ಇದ್ದ ಚೀನಾದ ಟೈಪ್ 59 ಅಂದರೆ ಟಿ-54ರದೇ ನಕಲು, ಟಿ-54 ಅಂದರೆ ಟಿ-55ರದೇ ಹಳೇ ರೂಪ. ಜಮ್ಮು ಗಡಿಯ ಛಂಬ್‌ನಂಥ ಕಡೆ ಎರಡೂ ಎದುರುಬದುರಾದರೆ ದೂರದಿಂದ ಯಾರದ್ದು ಅಂತ ಗೊತ್ತಾಗಲ್ಲ. ನಮ್ಮವರ ಮೇಲೆ ನಮ್ಮವರೇ ಗುಂಡು ಹಾರಿಸಬಾರದು ಅಂತ ನಮ್ಮ ಟ್ಯಾಂಕ್‌ಗಳ ಬ್ಯಾರಲ್ ನಡುವೆ ಸುಳ್ಳು ಡಬ್ಬಿ ಕಟ್ಟಿದ್ದರು. ನಾನು ನೋಡಿದ್ದು ಆ ಸುಳ್ಳು ಡಬ್ಬಿಯನ್ನು. ಗನ್ ಹಳೇ 100 ಎಂಎಂದೇ.

ಅವತ್ತಿಂದ ಯಾವ ಫೋಟೊ ಸಿಕ್ಕಿದರೂ ಮೊದಲು ಬ್ಯಾರಲ್‌ನ ತುದಿ ನೋಡುತ್ತೇನೆ. ನಡುವೆಯೂ ಉಬ್ಬು, ತುದಿಯಲ್ಲೂ ಉಬ್ಬು ಇದ್ದರೆ ಅದು 100, ನಡುವಿನದು ಸುಳ್ಳು. ತುದಿ ಬೋಳಾಗಿದ್ದು ನಡುವೆ ಮಾತ್ರ ಉಬ್ಬಿದ್ದರೆ ಮುಂದಿನ ಪರೀಕ್ಷೆಗೆ ಹೋಗಬಹುದು. ಎಲ್7ರ ಡಬ್ಬಿ ಬ್ಯಾರಲ್ ಸುತ್ತ ಸಮನಾಗಿ ಕೂತಿರಲ್ಲ. ಒಂದು ಬದಿಗೆ ಜಾಸ್ತಿ ಉಬ್ಬಿರುತ್ತೆ. ಹಾವು ಇಲಿ ನುಂಗಿದಂತೆ ಕಾಣುತ್ತೆ. ಇದೊಂದು ತಿಳಿದ ಮೇಲೆ ನನ್ನ ಹತ್ತಿರ ಇದ್ದ ನಲವತ್ತು ಚಿತ್ರಗಳಲ್ಲಿ ಕೆಲಸಕ್ಕೆ ಬರುವವು ಹನ್ನೊಂದೋ ಹನ್ನೆರಡೋ ಉಳಿದವು.

ಎರಡನೇ ಸಲ ಕಾಗದಪತ್ರದ ದಾರಿ ಹಿಡಿದೆ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಕಚೇರಿಗೆ ಅರ್ಜಿ ಹಾಕಿದೆ. ತಿಂಗಳೊಳಗೆ ಉತ್ತರ ಬಂತು, ಸೆಕ್ಷನ್ 8(1)(ಎ) ಪ್ರಕಾರ ಕೊಡಲಾಗದು ಅಂತ. ದೇಶದ ಭದ್ರತೆಯ ವಿಚಾರಕ್ಕೆ ಆ ಸೆಕ್ಷನ್ ಇದೆ, ಅದು ಸರಿಯೇ. ಡಿಆರ್‌ಡಿಒ ಅಂತೂ ಆ ಕಾಯ್ದೆಯ ಎರಡನೇ ಅನುಸೂಚಿಯಲ್ಲೇ ಇದೆ, ಅಲ್ಲಿ ಕೇಳಿ ಪ್ರಯೋಜನವಿಲ್ಲ. ಈ ದಾರಿ ಬೇಡ ಅಂತ ಎಲ್ಲರಿಗೂ ಹೇಳುತ್ತೇನೆ. ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳಬೇಕು: ಗುಟ್ಟಿನ ದಾಖಲೆ ಯಾರಾದರೂ ಕೊಡುತ್ತೇನೆ ಅಂದರೂ ಮುಟ್ಟಬೇಡಿ. 2021ರಲ್ಲಿ ಬ್ರಿಟನ್ನಿನ ಚಾಲೆಂಜರ್ 2 ಟ್ಯಾಂಕ್‌ನ ಕೈಪಿಡಿಯ ಪುಟಗಳು ಇಂಥದ್ದೇ ವಾದಕ್ಕಾಗಿ ಹೊರಬಿದ್ದದ್ದು ನೆನಪಿರಬೇಕು. ಆಟದ ಒಂದು ಟ್ಯಾಂಕ್‌ಗೋಸ್ಕರ ಅಂಥ ಕೆಲಸ ಮಾಡೋದು ತಪ್ಪು. ನನ್ನ ಪ್ರಸ್ತಾವದಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ಪುಸ್ತಕ, ಹಳೇ ಪತ್ರಿಕೆ, ಎಲ್ಲರೂ ಓದಬಹುದಾದ ಸರ್ಕಾರಿ ವರದಿ, ಊರ ವೃತ್ತದಲ್ಲಿ ನಿಲ್ಲಿಸಿದ ಟ್ಯಾಂಕ್. ಇಷ್ಟೇ. ಯಾವ ವರದಿಯ ಯಾವ ಪುಟ ಅನ್ನೋದನ್ನು ಮಾತ್ರ ಇಲ್ಲಿ ಬಿಟ್ಟುಕೊಡಲ್ಲ, ಅದನ್ನು ಹುಡುಕೋಕೆ ನನಗೆ ಐದು ತಿಂಗಳು ಹಿಡಿದಿದೆ.

ಎರಡನೆಯದೂ ಬಿತ್ತು. "ಇಸ್ರೇಲಿನ ಟಿರಾನ್ ಇದೆ, ಈಜಿಪ್ಟಿನ ರಾಮ್ಸೆಸ್ 2 ಇದೆ, ಇವೆರಡೂ 105 ಹಾಕಿದ ಹಳೇ ರಷ್ಯನ್ ಟ್ಯಾಂಕ್‌ಗಳೇ. ನಿಮ್ಮದರಲ್ಲಿ ಹೊಸದೇನು?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಷ್ಟರಲ್ಲಿ ಪುಸ್ತಕಗಳಿಗೇ ಐದಾರು ಸಾವಿರ ಹೋಗಿತ್ತು. ಸೆಕೆಂಡ್ ಹ್ಯಾಂಡ್‌ನಲ್ಲಿ ಹದಿನೆಂಟು ನೂರು ಕೊಟ್ಟು ತರಿಸಿದ ಒಂದು ಪುಸ್ತಕದಲ್ಲಿ ಟಿ-55 ಬಗ್ಗೆ ಇದ್ದದ್ದು ಒಂದೂವರೆ ಪುಟ, ಉಳಿದಿದ್ದೆಲ್ಲ ಟಿ-72. ಮನೆಯಲ್ಲಿ ಬೈಸಿಕೊಂಡೆ.

ಮೂರನೇ ಸಲಕ್ಕೆ ಕೂರುವ ಮೊದಲು ಒಂದು ನಿಯಮ ಮಾಡಿಕೊಂಡೆ. ಒಂದು ಸಾಲಿಗೆ ಎರಡು ಸಾಕ್ಷಿ. ಎರಡು ಬೇರೆ ಬೇರೆ ಮೂಲದಿಂದ ಸಿಗದ ಸಾಲು ಎಷ್ಟೇ ಚೆಂದ ಇರಲಿ, ಕಿತ್ತು ಹಾಕೋದು. ಮೊದಲ ಪ್ರಸ್ತಾವ ಹದಿನಾಲ್ಕು ಪುಟ ಇತ್ತು. ಮೂರನೆಯದು ಐದೂವರೆ. ಲೇಸರ್ ಹೋಯಿತು, ಹೊಸ ಎಂಜಿನ್ ಹೋಯಿತು. ಉಳಿದಿದ್ದು 36 ಟನ್ನಿನ ಗಾಡಿ, 580 ಕುದುರೆ ಶಕ್ತಿಯ ವಿ-55 ಎಂಜಿನ್, ಹಳೇ ಉಕ್ಕು, ಹೊಸ ಗನ್. ಗೆಳೆಯರು "ಇಷ್ಟು ಬಡವಾಗಿ ಕಳಿಸಿದರೆ ಯಾರು ನೋಡ್ತಾರೆ" ಅಂದರು. ನಾನು ಕೇಳಲಿಲ್ಲ.

ಗನ್ ಅದೇ ಅಂತ ಸಾಧಿಸಲು ಅಳತೆ ಬೇಕಿತ್ತು. ಇಲ್ಲಿ ನನಗೆ ಹೆಮ್ಮೆ ಇರುವ ಕೆಲಸ ಇದೆ. ಟಿ-55ರ ಚಕ್ರದ ಅಡ್ಡಳತೆ 810 ಎಂಎಂ. ಪಕ್ಕದಿಂದ ತೆಗೆದ ಯಾವ ಫೋಟೊದಲ್ಲೂ ಚಕ್ರ ಕಾಣುತ್ತೆ. ಅದನ್ನೇ ಸ್ಕೇಲ್ ಮಾಡಿಕೊಂಡರೆ ಬ್ಯಾರಲ್ ಉದ್ದ, ಡಬ್ಬಿ ಇರುವ ಜಾಗ ಎಲ್ಲ ಅಳೆಯಬಹುದು. ಎಲ್7 ಅಂದರೆ 52 ಕ್ಯಾಲಿಬರ್, ಅಂದರೆ ಉದ್ದ ಅದರ ಬಾಯಿಯ ಅಗಲದ 52 ಪಟ್ಟು, ಹತ್ತಿರ ಹತ್ತಿರ ಐದೂವರೆ ಮೀಟರ್. ಡಿ-10 ಸ್ವಲ್ಪ ಗಿಡ್ಡ. ಈ ವ್ಯತ್ಯಾಸ ಒಂದು ಗೇಣೂ ಇಲ್ಲ, ಹಾಗಾಗಿ ಉದ್ದ ನಂಬಿ ಕೂತರೆ ಕೆಡುತ್ತೀರಿ. ಡಬ್ಬಿಯ ಜಾಗವನ್ನು ಹಿಡಿಯಬೇಕು. ಕ್ಯಾಮೆರಾ ಓರೆಯಾಗಿದ್ದರೆ ಚಕ್ರ ಮೊಟ್ಟೆಯಾಕಾರ ಆಗುತ್ತೆ, ಬ್ಯಾರಲ್ ಬೇರೆಯೇ ದೂರದಲ್ಲಿರುತ್ತೆ. ಅದನ್ನು ಸರಿಪಡಿಸುವ ಲೆಕ್ಕ ನನ್ನದೇ. ಮುಂದಿನ ಪ್ರಸ್ತಾವ ಆಗುವವರೆಗೆ ನನ್ನ ಹತ್ತಿರವೇ ಇರಲಿ.

ಲೆಕ್ಕ ಸರಿಯಿದೆಯಾ ಅಂತ ನೋಡಲು ನಿಜವಾದ ಟ್ಯಾಂಕ್ ಬೇಕಿತ್ತು. ಸೇವೆಯಿಂದ ಇಳಿದ ಟಿ-55ಗಳು ದೇಶದ ಎಷ್ಟೋ ಊರುಗಳಲ್ಲಿ ಸ್ಮಾರಕವಾಗಿ ನಿಂತಿವೆ. ನಾನು ಹೋದ ಊರು ಯಾವುದು ಅಂತ ಹೇಳಲ್ಲ. ರೈಲು, ಬಸ್, ಎರಡು ರಾತ್ರಿ ಲಾಡ್ಜ್ ಸೇರಿ ನಾಲ್ಕು ಸಾವಿರ ಆಯಿತು ಅನ್ನಿಸುತ್ತೆ. ಕಾವಲುಗಾರರಿಗೆ ಮೊದಲೇ ಕೇಳಿಕೊಂಡೆ. "ಅಳತೆ ಮಾಡ್ಕೊಳಿ, ಹತ್ಬೇಡಿ" ಅಂದರು. ಹತ್ತಲಿಲ್ಲ. ಎಷ್ಟು ಸಲ ಬಣ್ಣ ಬಳಿದಿದ್ದಾರೆ ಅಂದರೆ ಟರೆಟ್‌ನ (ಗನ್ ಕೂತಿರುವ, ತಿರುಗುವ ಮೇಲ್ಗೂಡು) ಬೆಸುಗೆ ಗೆರೆಗಳು ಮುಚ್ಚಿಹೋಗಿವೆ. ಬ್ಯಾರಲ್ ಬಾಯಿಗೆ ತಗಡು ಬೆಸೆದಿದ್ದಾರೆ, ಒಳಗಿನ ಅಳತೆ ಸಿಗಲ್ಲ. ಟೇಪ್ ಹಿಡಿದು ತುದಿಯಿಂದ ಡಬ್ಬಿಯವರೆಗೆ ಅಳೆದೆ. ಮನೆಯಲ್ಲಿ ಫೋಟೊದಿಂದ ತೆಗೆದ ಲೆಕ್ಕಕ್ಕೂ ಅದಕ್ಕೂ ಮೂರು ಸೆಂಟಿಮೀಟರ್ ವ್ಯತ್ಯಾಸ. ಬಿಸಿಲಲ್ಲಿ ನಿಂತು ಮೂರು ಸಲ ಅಳೆದೆ, ಅಷ್ಟೇ ಬಂತು. ಅವತ್ತು ಆದ ಸಂತೋಷ ಯಾವ ಪಂದ್ಯ ಗೆದ್ದಾಗಲೂ ಆಗಿಲ್ಲ. ಟರೆಟ್‌ನ ಮೇಲ್ಭಾಗ ನೋಡಬೇಕಿತ್ತು, ಫೋನನ್ನು ಉದ್ದನೆಯ ಕೋಲಿಗೆ ಕಟ್ಟಿ ಮೇಲಿಂದ ವಿಡಿಯೊ ತೆಗೆದೆ. ಇದು ಆಮೇಲೆ ಉಪಯೋಗಕ್ಕೆ ಬಂತು.

ನಡುವೆ ಒಂದು ಪ್ರಯೋಗ ಮಾಡಿದ್ದೆ. ರೀಲೋಡ್ ಸಮಯ, ಅಂದರೆ ಮುಂದಿನ ಗುಂಡು ತುಂಬುವ ಸಮಯ, ಎಷ್ಟು ಕೇಳಬೇಕು ಅನ್ನೋದು ನನಗೇ ಗೊಂದಲ ಇತ್ತು. ಹಳೇ 100 ಎಂಎಂ ಗನ್‌ನ ಬಿಆರ್-412 ಗುಂಡು ಕೇಸ್ ಸಮೇತ 30 ಕೆಜಿ. 105ರ ಎಪಿಡಿಎಸ್ 20 ಕೆಜಿಗೂ ಒಳಗೆ. ಎರಡು ಪಿವಿಸಿ ಪೈಪ್‌ಗೆ ಮರಳು ತುಂಬಿ ಆ ತೂಕ ಮಾಡಿಕೊಂಡೆ. ಟಿ-55ರಲ್ಲಿ ಗುಂಡು ತುಂಬುವ ಲೋಡರ್ ಗನ್‌ನ ಬಲಕ್ಕೆ ನಿಲ್ಲುತ್ತಾನೆ, ಎಡಗೈಯಲ್ಲಿ ಗುಂಡು ನೂಕಬೇಕು. ಮಂಚಕ್ಕೂ ಬೀರುವಿಗೂ ನಡುವಿನ ಜಾಗದಲ್ಲಿ ಬಗ್ಗಿ ನಿಂತು ಎತ್ತಿ ಇಟ್ಟು ನೋಡಿದೆ. ಭಾರದ್ದು ಒಂಬತ್ತು ಹತ್ತು ಸೆಕೆಂಡ್, ಹಗುರದ್ದು ಆರೂವರೆ ಏಳು. ಎಂಟನೇ ಸಲಕ್ಕೆ ಭುಜ ಹಿಡಿದುಕೊಂಡಿತು, ಒಂದು ವಾರ ಮೌಸ್ ಹಿಡಿಯೋಕೂ ಕಷ್ಟ. ಮನೆಯ ಪ್ರಯೋಗ ಸಾಕ್ಷಿ ಅಲ್ಲ, ಅದಕ್ಕೇ ಪ್ರಸ್ತಾವದಲ್ಲಿ ಹಾಕಲಿಲ್ಲ. ಆದರೆ ಏಳೂವರೆ ಸೆಕೆಂಡ್ ಕೇಳೋದು ನ್ಯಾಯ ಅಂತ ಧೈರ್ಯ ಬಂತು.

ಇನ್ನೊಂದು ಖರ್ಚು ಟಮಿಯಾ ಕಂಪನಿಯ 1:35 ಟಿ-55ಎ ಪ್ಲಾಸ್ಟಿಕ್ ಮಾದರಿಯ ಕಿಟ್, ಮೂರೂವರೆ ಸಾವಿರ ಇರಬೇಕು. ಅದಕ್ಕೆ ಹಿತ್ತಾಳೆ ಕೊಳವೆಯ ಬ್ಯಾರಲ್ ಹಾಕಿ ಚಿತ್ರ ತೆಗೆದೆ. ಪರಿಶೀಲಕರಿಗೆ ಅದರಿಂದ ಏನೂ ಆಗಲಿಲ್ಲ. ಕಪಾಟಿನ ಮೇಲೆ ಚೆಂದ ಕಾಣುತ್ತೆ. ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ಅಡ್ಡ-ಉದ್ದ ನಕ್ಷೆಯೇ ಸಾಕಾಗಿತ್ತು, ಅದಕ್ಕೆ ದುಡ್ಡೂ ಬೇಕಿರಲಿಲ್ಲ.

"ಹೊಸದೇನು" ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಟ್ಯಾಂಕ್‌ನಲ್ಲಿ ಅಲ್ಲ, ಅದರ ಸುತ್ತ. ಚೆನ್ನೈ ಬಳಿಯ ಆವಡಿಯಲ್ಲಿ 1960ರ ದಶಕದ ನಡುವಿನಿಂದಲೇ ವಿಜಯಂತ ಟ್ಯಾಂಕ್ ಕಟ್ಟುತ್ತಿದ್ದರು, ಅದರ ಗನ್ 105 ಎಲ್7. ಆ ಗನ್‌ಗೆ ಡಿಆರ್‌ಡಿಒದ ಪುಣೆಯ ಪ್ರಯೋಗಾಲಯ ಎಆರ್‌ಡಿಇ ನಮ್ಮದೇ ಎಪಿಎಫ್‌ಎಸ್‌ಡಿಎಸ್ (ಬಾಣದಂತೆ ರೆಕ್ಕೆಯಿರುವ, ಉಕ್ಕು ಸೀಳುವ) ಗುಂಡು ತಯಾರಿಸಿತು. ಅಂದರೆ ರಷ್ಯನ್ ದೇಹ, ಬ್ರಿಟಿಷ್ ಮೂಲದ ಗನ್, ಭಾರತದ ಗುಂಡು. ಈ ಜೋಡಿ ಟಿರಾನ್‌ನಲ್ಲೂ ಇಲ್ಲ, ರಾಮ್ಸೆಸ್‌ನಲ್ಲೂ ಇಲ್ಲ. ಇದನ್ನೇ ಮೊದಲ ಪ್ಯಾರಾದಲ್ಲಿ ಇಟ್ಟೆ. ಜೊತೆಗೆ ಬುಡಾಪೆಸ್ಟ್ ವಿಚಾರ ಎರಡು ಸಾಲು. 1956ರ ಹಂಗೇರಿ ದಂಗೆಯಲ್ಲಿ ಒಂದು ಟಿ-54 ಬ್ರಿಟಿಷ್ ರಾಯಭಾರ ಕಚೇರಿಯ ಆವರಣ ಸೇರಿತು, ಅದರ ಉಕ್ಕು ನೋಡಿದ ಬ್ರಿಟಿಷರು ತಮ್ಮ 20 ಪೌಂಡರ್ ಗನ್ ಸಾಲದು ಅಂತ ಎಲ್7 ಕಡೆ ತಿರುಗಿದರು ಅಂತ ಹೇಳುತ್ತಾರೆ. ಟಿ-54ನ್ನು ಸೀಳಲು ಹುಟ್ಟಿದ ಗನ್ ಕೊನೆಗೆ ಅದರ ತಮ್ಮನ ಟರೆಟ್‌ನಲ್ಲೇ ಬಂದು ಕೂತಿದೆ. ನನಗೆ ಈ ಟ್ಯಾಂಕ್ ಮೇಲೆ ಇಷ್ಟು ಪ್ರೀತಿ ಬಂದಿದ್ದೇ ಇದರಿಂದ.

ಆಮೇಲೆ ಅದರ ಕೊರತೆಗಳನ್ನು ನಾನೇ ಬರೆದೆ. ಗನ್ ಕೆಳಗೆ ಬಗ್ಗುವುದು ಐದೇ ಡಿಗ್ರಿ. ರಿವರ್ಸ್ ಗಂಟೆಗೆ ಏಳು ಕಿಲೋಮೀಟರ್, ಗುಡ್ಡದ ತುದಿಯಲ್ಲಿ ಸಿಕ್ಕಿಬಿದ್ದರೆ ಕಥೆ ಮುಗೀತು. ಗುಂಡುಗಳು ಡ್ರೈವರ್ ಪಕ್ಕದಲ್ಲೇ. ಹಾಗಾಗಿ ಬಿ.ಆರ್. ಇಷ್ಟಕ್ಕಿಂತ ಏರಿಸಬೇಡಿ ಅಂತ ಕಾರಣ ಕೊಟ್ಟು ಕೇಳಿದೆ. ಹಿಂದಿನ ಎರಡು ಸಲ ನಾನು ಬರೀ ಹೊಗಳಿದ್ದೆ. ಕೊರತೆ ಬರೆದ ಮೇಲೆಯೇ ಅವರು ಉಳಿದ ಸಾಲುಗಳನ್ನೂ ನಂಬಿದರು ಅಂತ ನನ್ನ ನಂಬಿಕೆ.

ಕಳಿಸಿ ಏಳು ವಾರದ ಮೇಲೆ ಒಂದೇ ಪ್ರಶ್ನೆ ಬಂತು. "ಅಳತೆ ಮಾಡಿದ್ದು ಟಿ-55 ಅಂತ ಹೇಗೆ ಹೇಳುತ್ತೀರಿ, ಟಿ-54 ಆಗಿರಬಾರದೇಕೆ?" ಚಕ್ರಗಳ ಮೇಲೆ ಹೇಳಲಾಗದು, ಮೊದಲ ಮತ್ತು ಎರಡನೇ ಚಕ್ರದ ನಡುವಿನ ದೊಡ್ಡ ಸಂದು ಎರಡರಲ್ಲೂ ಇದೆ. ಟರೆಟ್ ಮೇಲ್ಭಾಗ ನೋಡಬೇಕು. ಟಿ-54ಗೆ ಅಲ್ಲಿ ಬಲ ಮುಂಭಾಗದಲ್ಲಿ ಅಣಬೆಯಂಥ ಗಾಳಿಗೂಡು ಇರುತ್ತೆ, ಟಿ-55ಗೆ ಇರಲ್ಲ. ಕೋಲಿಗೆ ಫೋನ್ ಕಟ್ಟಿ ತೆಗೆದ ವಿಡಿಯೊದಿಂದ ಒಂದು ಚಿತ್ರ ತೆಗೆದು ಅವತ್ತೇ ಕಳಿಸಿದೆ. ಹಸಿರು ಬಣ್ಣದ ನುಣುಪು ಮೇಲ್ಮೈ, ಅದರ ಮೇಲೆ ಒಂದು ಒಣ ಎಲೆ, ಗಾಳಿಗೂಡು ಇಲ್ಲ. ನಾಲ್ಕನೇ ದಿನ ಪಾಸಾಗಿದೆ ಅಂತ ಉತ್ತರ ಬಂತು.