ಬಾಲ ತಿರುಚುವ ಮೊದಲು ಮೂಗು ತೂಗಿ: ಕೈಯಿಂದ ಹಾರಿಸುವ ಗ್ಲೈಡರ್

ವಿಜ್ಞಾನ ಪ್ರದರ್ಶನಕ್ಕೆ ಮಕ್ಕಳು ಮಾಡಿ ತರುವ ಎಂಜಿನ್ ಇಲ್ಲದ ಪುಟ್ಟ ವಿಮಾನಗಳು, ಅಂದರೆ ಗ್ಲೈಡರ್‌ಗಳು ನೋಡಲು ಚೆಂದ, ಹಾರು ಅಂದರೆ ಒಲ್ಲೆ ಅನ್ನುತ್ತವೆ. ಕೈಬಿಟ್ಟ ಕೂಡಲೇ ಮೇಲೆದ್ದು, ಗಾಳಿಯಲ್ಲಿ ಒಂದು ಕ್ಷಣ ನಿಂತು, ಮೂಗು ಅಡಿಯಾಗಿ ನೆಲಕ್ಕೆ ಕುಕ್ಕುತ್ತವೆ. ಆಗ ಎಲ್ಲರ ಕೈ ಹೋಗುವುದು ಬಾಲಕ್ಕೆ. ಅದನ್ನು ಅಷ್ಟು ಬಗ್ಗಿಸಿ, ಇಷ್ಟು ತಿರುಚಿ, ಕಡೆಗೆ ಮುರಿದುಕೊಂಡು ಮನೆಗೆ ಹೋಗುತ್ತಾರೆ. ತೂಕ ಎಲ್ಲಿ ಕೂತಿದೆ ಎಂದು ಮಾತ್ರ ಯಾರೂ ನೋಡಿರುವುದಿಲ್ಲ.

ಸಾಮಾನು

3 ಮಿ.ಮೀ. ದಪ್ಪದ, ಎರಡೂ ಬದಿಗೆ ಕಾಗದ ಹೊದಿಸಿದ ಫೋಮ್ ಬೋರ್ಡ್ ಬೇಕು. ಹುಬ್ಬಳ್ಳಿಯ ಕೊಪ್ಪಿಕರ ರಸ್ತೆ, ಧಾರವಾಡದ ಸುಭಾಸ ರಸ್ತೆಯ ಕಡೆ ಸ್ಟೇಷನರಿ ಅಂಗಡಿಗಳಲ್ಲಿ ಕೇಳಿ. ಸನ್‌ಬೋರ್ಡ್ ಎಂದು ಗಟ್ಟಿ ಪ್ಲಾಸ್ಟಿಕ್ ಹಾಳೆ ಕೊಟ್ಟರೆ ವಾಪಸ್ ಮಾಡಿ. ಅದು ಅಂಗಡಿಯ ಫಲಕಕ್ಕೆ ಸರಿ, ರೆಕ್ಕೆಗೆ ಭಾರ. ಗಣಪತಿ ಮಂಟಪದ ಥರ್ಮಾಕೋಲ್ ಕೂಡ ಬೇಡ, ಅಂಚು ಉದುರುತ್ತದೆ. ಮೈಗೆ ಬಡಗಿಯ ಹತ್ತಿರ ಸಿಗುವ 8 ಮಿ.ಮೀ. ಅಗಲ, 5 ಮಿ.ಮೀ. ದಪ್ಪದ ಮರದ ಪಟ್ಟಿ, 38 ಸೆಂ.ಮೀ. ಉದ್ದ. ಹಗುರ ಮರವೇ ಇರಲಿ. ತೂಕಕ್ಕೆ ಮಕ್ಕಳ ಆಟದ ಕ್ಲೇ, ಅಂಟಿಸಲು ಫೆವಿಕಾಲ್. ಅರೆಗಳಿಗೆಯಲ್ಲಿ ಹಿಡಿಯುವ ಗೋಂದು ಬಳಸಲೇಬೇಡಿ. ಅದು ಫೋಮನ್ನು ಕರಗಿಸಿ ತೂತು ಮಾಡುತ್ತದೆ. ಫೆವಿಕಾಲ್‌ಗೆ ಒಂದು ರಾತ್ರಿ ಬೇಕು, ಕಾಯಿರಿ.

ಕತ್ತರಿಸಿ ಜೋಡಿಸುವುದು

ರೆಕ್ಕೆ 40 ಸೆಂ.ಮೀ. ಉದ್ದ, 8 ಅಗಲ. ಹಿಂಬದಿಯ ಅಡ್ಡರೆಕ್ಕೆ 16 ಉದ್ದ, 5 ಅಗಲ. ನೆಟ್ಟಗೆ ನಿಲ್ಲುವ ಬಾಲ 6 ಎತ್ತರ, 5 ಅಗಲ. ಹೊಸ ಬ್ಲೇಡು ಹಾಕಿ, ಒಂದೇ ಸಲಕ್ಕೆ ಒತ್ತದೆ ಮೂರು ಸಲ ಎಳೆಯಿರಿ. ರೆಕ್ಕೆಯ ಮುಂದಂಚನ್ನು ಉಜ್ಜುಕಾಗದದಿಂದ ದುಂಡಗೆ ಮಾಡಿ.

ರೆಕ್ಕೆಯ ನಟ್ಟನಡುವೆ, ಅಡಿಯ ಕಾಗದ ಮತ್ತು ಫೋಮ್ ಮಾತ್ರ ಕೊಯ್ದು ಮೇಲಿನ ಕಾಗದ ಉಳಿಸಿ. ಸೀಳಿಗೆ ಫೆವಿಕಾಲ್ ತುಂಬಿ, ಒಂದು ಅರ್ಧವನ್ನು ಮೇಜಿನ ಮೇಲೆ ಪುಸ್ತಕ ಹೇರಿ ಒತ್ತಿಡಿ, ಇನ್ನೊಂದರ ತುದಿಯನ್ನು 6 ಸೆಂ.ಮೀ. ಎತ್ತಿ ಆನಿಸಿ. ಒಣಗಿದ ಮೇಲೆ ಎರಡೂ ತುದಿ ನಡುವಿಗಿಂತ 3 ಸೆಂ.ಮೀ. ಮೇಲಿರುತ್ತವೆ. ಈ ಬಾಗು ಅಲಂಕಾರಕ್ಕಲ್ಲ: ವಿಮಾನ ಒಂದು ಕಡೆ ವಾಲಿ ಅತ್ತ ಜಾರತೊಡಗಿದಾಗ, ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿದು ಅದನ್ನು ಮೇಲೆತ್ತುತ್ತದೆ.

ಮೂಗಿನಿಂದ 8 ಸೆಂ.ಮೀ. ಹಿಂದೆ ರೆಕ್ಕೆಯ ಮುಂದಂಚು ಬರಲಿ, ಅದರ ಅಡಿಗೆ 2 ಮಿ.ಮೀ. ರಟ್ಟಿನ ತುಣುಕು ಕೊಟ್ಟು ಅಂಟಿಸಿ. ಬಾಲದ ಎರಡೂ ತುಂಡು ಪಟ್ಟಿಯ ಹಿಂತುದಿಗೆ.

ರಟ್ಟಿನ ತುಣುಕು ಯಾಕೆ? ರೆಕ್ಕೆ ಬಾಲಕ್ಕಿಂತ ಒಂದೂವರೆ ಡಿಗ್ರಿಯಷ್ಟು ಮುಖ ಎತ್ತಿರಬೇಕು. ರೆಕ್ಕೆಯ ಮೇಲ್ಬದಿ ಉಬ್ಬಿರುವುದರಿಂದ ಅಲ್ಲಿಯ ದಾರಿ ಉದ್ದ, ಕೆಳಗಿನ ಗಾಳಿಯ ಜೊತೆಗೇ ಹಿಂದಂಚು ಮುಟ್ಟಲು ಮೇಲಿನ ಗಾಳಿ ಓಡುತ್ತದೆ ಎಂಬ ವಿವರಣೆಯನ್ನು ಪಾಠದಲ್ಲಿ ಓದಿರುತ್ತೀರಿ. ಅದು ತಪ್ಪು. ನಿಮ್ಮ ಕೈಯಲ್ಲಿರುವುದು ಚಪ್ಪಟೆ ಹಲಗೆ, ಎರಡೂ ಬದಿಯ ದಾರಿ ಒಂದೇ, ಆದರೂ ಹಾರುತ್ತದೆ. ಓರೆಯಾಗಿ ನಿಂತ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ದೂಡುತ್ತದೆ. ಆಗ ಮೇಲ್ಬದಿಯ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಕಡಿಮೆಯಾಗುವುದೂ ನಿಜ, ಆದರೆ ಅದು ಕೆಳಗಿನದರ ಜೊತೆ ಮುಟ್ಟುವುದಿಲ್ಲ, ಮೊದಲೇ ಮುಟ್ಟುತ್ತದೆ. ಓರೆ ಹೆಚ್ಚಿದಷ್ಟೂ ಎತ್ತುವ ಬಲ ಹೆಚ್ಚುತ್ತದೆ, ಒಂದು ಮಿತಿಯವರೆಗೆ. ಸಾಮಾನ್ಯ ವಿಮಾನದ ರೆಕ್ಕೆಗೆ ಆ ಮಿತಿ 15 ಡಿಗ್ರಿಯ ಆಸುಪಾಸು, ನಿಮ್ಮ ಹಲಗೆಗೆ ಇನ್ನೂ ಕಡಿಮೆ. ದಾಟಿದರೆ ಮೇಲ್ಬದಿಯ ಗಾಳಿ ರೆಕ್ಕೆಗೆ ಅಂಟದೆ ಕಿತ್ತುಹೋಗುತ್ತದೆ. ಇದೇ ಸ್ಟಾಲ್, ಮೇಲೆದ್ದು ನಿಂತು ಕುಕ್ಕುವುದಕ್ಕೆ ಕಾರಣ.

ತೂಗುವುದು

ಇಲ್ಲಿ ಅವಸರ ಬೇಡ. ರೆಕ್ಕೆಯ ಅಡಿಯಲ್ಲಿ ಮುಂದಂಚಿನಿಂದ 2.5 ಸೆಂ.ಮೀ. ಹಿಂದೆ, ಎಡಕ್ಕೊಂದು ಬಲಕ್ಕೊಂದು ಪೆನ್ಸಿಲ್ ಗುರುತು ಹಾಕಿ. ಎರಡು ತೋರುಬೆರಳ ತುದಿಯನ್ನು ಅಲ್ಲಿಟ್ಟು ಎತ್ತಿ. ಬಾಲ ಜೋತುಬೀಳುವುದು ಖಂಡಿತ. ಮೂಗಿಗೆ ಕ್ಲೇ ಮೆತ್ತುತ್ತ ಹೋಗಿ, ಮೈ ನೆಲಕ್ಕೆ ಸಮನಾಗಿ, ಮೂಗು ಕೂದಲೆಳೆಯಷ್ಟು ಬಾಗಿ ನಿಲ್ಲಬೇಕು. ಈ ಅಳತೆಗೆ 15ರಿಂದ 20 ಗ್ರಾಂ ಹಿಡಿಯುತ್ತದೆ, ಅಂದರೆ ಹೆಚ್ಚುಕಡಿಮೆ ಹತ್ತು ರೂಪಾಯಿಯ ಎರಡು ನಾಣ್ಯದ ಭಾರ. ಇಷ್ಟೊಂದು ಭಾರ ಹೇರಿದರೆ ಹಾರೀತೇ ಎಂದು ಹೆದರಿ ಅರ್ಧಕ್ಕೆ ನಿಲ್ಲಿಸುತ್ತಾರೆ, ಕೆಡುವುದು ಅಲ್ಲಿಯೇ. ಬಾಲದಲ್ಲಿ ಒಂದು ಗ್ರಾಂ ಹೆಚ್ಚಾದರೆ ಮೂಗಿಗೆ ಎರಡೂವರೆ ಗ್ರಾಂ ಬೇಕಾಗುತ್ತದೆ, ಹಾಗಾಗಿ ಬಾಲಕ್ಕೆ ಬಣ್ಣ ಬಳಿಯಬೇಡಿ.

ಹೀಗೆ ಬೆರಳ ಮೇಲೆ ಸಮತೂಕವಾಗಿ ನಿಲ್ಲುವ ಜಾಗವೇ ಗುರುತ್ವ ಕೇಂದ್ರ. ಅದು ಹಿಂದೆ ಸರಿದರೆ ಆಗುವುದೇನು? ಗಾಳಿಯ ಸಣ್ಣ ತಳ್ಳಿಗೆ ಮೂಗು ಎದ್ದಾಗ, ಅದನ್ನು ಇಳಿಸುವ ಸನ್ನೆಬಲ ಬಾಲಕ್ಕೆ ಉಳಿಯುವುದಿಲ್ಲ. ಮೂಗು ಏಳುತ್ತಲೇ ಹೋಗುತ್ತದೆ. ದೊಡ್ಡ ವಿಮಾನಕ್ಕೂ ಇದೇ ಚಿಂತೆ. ಹುಬ್ಬಳ್ಳಿಯಲ್ಲಿ ಎಟಿಆರ್ ಎಂಬ ಸಣ್ಣ ಪ್ರಯಾಣಿಕ ವಿಮಾನಕ್ಕೆ ಹಿಂಬದಿಯ ಬಾಗಿಲಿನಿಂದ ಜನ ಹತ್ತುವಾಗ ಬಾಲದ ಅಡಿಗೆ ಊರುಗೋಲು ಕಾಣಿಸಿದರೆ, ಅದು ಹಿಂದಕ್ಕೆ ಕೂರದಿರಲೆಂದು ಕೊಟ್ಟದ್ದು.

ಹಾರಿಸಿ ತಿದ್ದುವುದು

ಮುಂಜಾನೆ ಗಾಳಿ ಏಳುವ ಮೊದಲು ಹುಲ್ಲಿರುವ ಮೈದಾನಕ್ಕೆ ಹೋಗಿ. ಆಷಾಢದ ಗಾಳಿಯಲ್ಲಿ ಪಟ ಹಾರಿಸಬಹುದು, ಹೊಸ ಗ್ಲೈಡರ್ ತಿದ್ದಲಾಗದು. ಗಾಳಿ ಸ್ವಲ್ಪ ಇದ್ದರೆ ಅದಕ್ಕೆ ಎದುರಾಗಿ ನಿಲ್ಲಿ. ಹೆಗಲೆತ್ತರದಿಂದ, ಮೂಗು ತುಸು ತಗ್ಗಿಸಿ, ಮುಂದಕ್ಕೆ ನೂಕಿ ಬಿಡಿ. ಚೆಂಡಿನಂತೆ ಬೀಸಿ ಒಗೆಯಬೇಡಿ. ಸರಿಯಿದ್ದರೆ 8–9 ಮೀಟರ್ ನೇರ ಹೋಗಿ ಕೂರುತ್ತದೆ.

ತಿದ್ದಲು ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ 3 ಸೆಂ.ಮೀ. ಉದ್ದ, 2 ಅಗಲದ ಪಟ್ಟಿಗಳನ್ನು ಕತ್ತರಿಸಿ (ಅಂಚು ಬೆರಳು ಕೊಯ್ಯುತ್ತದೆ, ಜೋಪಾನ), ಅಡ್ಡರೆಕ್ಕೆಯ ಎರಡೂ ಬದಿ ಮತ್ತು ನೆಟ್ಟನೆಯ ಬಾಲದ ಹಿಂದಂಚಿನ ಫೋಮಿನೊಳಗೆ ಅರ್ಧ ತೂರಿಸಿ ಅಂಟಿಸಿ. ಆಮೇಲೆ ಬೆರಳಿನಿಂದ ಮತ್ತೊಮ್ಮೆ ತೂಗಿ.

ಅಲೆಅಲೆಯಾಗಿ ಏಳುತ್ತ ಬೀಳುತ್ತ ಹೋದರೆ ಮೊದಲು ತೂಕ ನೋಡಿ. ಅದು ಗುರುತಿನಲ್ಲೇ ಇದ್ದರೆ ಅಡ್ಡರೆಕ್ಕೆಯ ಎರಡೂ ಪಟ್ಟಿ 1 ಮಿ.ಮೀ. ಕೆಳಕ್ಕೆ. ನೇರ ನೆಲಕ್ಕೆ ಇಳಿದರೆ 1 ಮಿ.ಮೀ. ಮೇಲಕ್ಕೆ, ಕ್ಲೇ ಕೀಳಬೇಡಿ. ಒಂದು ಎಸೆತಕ್ಕೆ ಒಂದೇ ತಿದ್ದುಪಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಒಂದು ಬದಿಗೆ ತಿರುಗಿದರೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ರೆಕ್ಕೆ ನೋಡಿ, ಹತ್ತರಲ್ಲಿ ಎಂಟು ಸಲ ಅದು ತಿರುಚಿರುತ್ತದೆ. ರೆಕ್ಕೆ ನೆಟ್ಟಗಿದ್ದರೆ ಮಾತ್ರ ನೆಟ್ಟನೆಯ ಬಾಲದ ಪಟ್ಟಿಯನ್ನು ಎದುರು ಬದಿಗೆ 1 ಮಿ.ಮೀ. ಬಗ್ಗಿಸಿ.

ಕಡೆಯ ಪರೀಕ್ಷೆ: ಮೂಗನ್ನು 30 ಡಿಗ್ರಿ ಕೆಳಗೆ ಮಾಡಿ, ಎತ್ತರದ ಕಟ್ಟೆಯಿಂದ ಬಿಡಿ. ನಿಧಾನ ಸುಧಾರಿಸಿಕೊಂಡು ಎದ್ದರೆ ತೂಕ ಸರಿ. ಗಕ್ಕನೆ ಎದ್ದರೆ ಮೂಗು ಅತಿ ಭಾರವಾಗಿ, ಅಡ್ಡರೆಕ್ಕೆಯ ಪಟ್ಟಿ ಅತಿ ಮೇಲಿದೆ. ಏಳದೆ ಇನ್ನಷ್ಟು ಕಡಿದಾಗಿ ಇಳಿದರೆ ಮೂಗಿಗೆ ಕ್ಲೇ ಸಾಲದು.

ಇಷ್ಟಾದ ಮೇಲೆ ಬಲಕ್ಕೆ ತಿರುಗಿಸಿ ನೋಡಬೇಕೆಂದರೆ, ರೆಕ್ಕೆಯ ತುದಿಗಳ ಹಿಂದಂಚಿಗೂ ಒಂದೊಂದು ಪಟ್ಟಿ ಸಿಕ್ಕಿಸಿ, ಎಡದ್ದನ್ನು ಕೆಳಕ್ಕೆ, ಬಲದ್ದನ್ನು ಮೇಲಕ್ಕೆ 2 ಮಿ.ಮೀ. ಬಗ್ಗಿಸಿ. ಎಡರೆಕ್ಕೆ ಎದ್ದು ವಿಮಾನ ಬಲಕ್ಕೆ ವಾಲುತ್ತದೆ, ಆದರೆ ಮೂಗು ಮೊದಲು ತುಸು ಎಡಕ್ಕೇ ಎಳೆದೀತು. ಎತ್ತುವ ಬಲ ಹೆಚ್ಚಿದ ರೆಕ್ಕೆ ಗಾಳಿಗೆ ಅಡ್ಡಿಯನ್ನೂ ಹೆಚ್ಚು ಕೊಡುತ್ತದೆ. ಆ ಎಳೆತವನ್ನು ಅಳಿಸಲು ನೆಟ್ಟನೆಯ ಬಾಲದ ಪಟ್ಟಿಯನ್ನು ಒಂದಿಷ್ಟು ಬಲಕ್ಕೆ ಬಗ್ಗಿಸಿ. ದೊಡ್ಡ ವಿಮಾನದ ಪೈಲಟ್ ಕಾಲಿನ ಪೆಡಲ್ ಒತ್ತಿದಾಗ ಅಲುಗುವುದೂ ಬಾಲದ ಇದೇ ಭಾಗ.