ಓವನ್ ವಿಪರೀತ ಕಾಯುತ್ತಿದ್ದರೆ ಮೊದಲು ಮೀಟರ್ ನೋಡಿ

‘ಓವನ್ ವಿಪರೀತ ಕಾಯುತ್ತಿದೆ’ ಎಂದು ಮಂಡ್ಯದ ನನ್ನ ರಿಪೇರಿ ಅಂಗಡಿಗೆ ಹೊತ್ತು ತರುವ ಎಷ್ಟೋ ಓಟಿಜಿಗಳಿಗೆ (ಓವನ್-ಟೋಸ್ಟರ್-ಗ್ರಿಲ್ ಎಂಬ ಮೇಜಿನ ಓವನ್‌ಗಳಿಗೆ) ಯಾವ ರೋಗವೂ ಇರುವುದಿಲ್ಲ. ಇನ್ನು ಕೆಲವರ ಓವನ್ ನಿಜವಾಗಿಯೇ ಕೆಟ್ಟಿರುತ್ತದೆ, ಆದರೂ ‘ನೋಡಿಕೊಂಡು ಬಳಸುತ್ತೇವೆ’ ಎನ್ನುತ್ತಾರೆ. ನನಗೆ ಸಿಟ್ಟು ಬರುವುದು ಈ ಎರಡನೆಯವರ ಮೇಲೆ. ನಿಮ್ಮದು ಯಾವ ಬಗೆಯದೆಂದು ಸ್ಕ್ರೂಡ್ರೈವರ್ ಮುಟ್ಟದೆ ಮನೆಯಲ್ಲೇ ತಿಳಿಯಬಹುದು.

ಪ್ಲಾಸ್ಟಿಕ್ ಸುಟ್ಟ ವಾಸನೆ, ಕಂದುಗಟ್ಟಿದ ಪ್ಲಗ್, ಓವನ್‌ನ ಮೈ ಮುಟ್ಟಿದರೆ ಜುಮ್ಮೆನ್ನುವುದು: ಇವುಗಳಲ್ಲಿ ಒಂದಿದ್ದರೂ ಪರೀಕ್ಷೆಯ ಮಾತೇ ಬೇಡ. ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ, ಆಮೇಲೆ ಪ್ಲಗ್ ಕೀಳಿ. ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಬೇಡಿ, ನೀರು ಎರಚಬೇಡಿ. ಕರೆಂಟ್ ತೆಗೆದು ಬಾಗಿಲು ಮುಚ್ಚಿಯೇ ಇಟ್ಟರೆ ಸಾಮಾನ್ಯವಾಗಿ ಗಾಳಿ ಸಾಲದೆ ಆರುತ್ತದೆ. ಹೊರಗೆ ಹಬ್ಬಿದರೆ ಮನೆಯವರೆಲ್ಲ ಆಚೆ ಬಂದು 112ಕ್ಕೆ ಕರೆ ಮಾಡಿ.

ಗಾಂಧಿನಗರದಿಂದ ಒಬ್ಬರು ಬಂದಿದ್ದರು. ‘ಅಣ್ಣಾ, ನೂರ ಎಂಬತ್ತಕ್ಕೆ ಇಟ್ಟರೂ ಬಿಸ್ಕತ್ತಿನ ತಳ ಸೀದುಹೋಗುತ್ತದೆ’ ಎಂದರು. ‘ಟ್ರೇ ಎಲ್ಲಿ ಇಡುತ್ತೀರಮ್ಮ?’ ಎಂದು ಕೇಳಿದೆ. ಕೆಳಗಿನ ಸಾಲಿನಲ್ಲಿ, ಕಾಯುವ ರಾಡ್‌ಗೆ ಎರಡು ಬೆರಳು ಮೇಲೆ. ಅದೂ ಕಪ್ಪು ಟ್ರೇ, ಕೆಳಗಿನ ರಾಡ್ ಮಾತ್ರ ಚಾಲೂ. ಸೀಯದೆ ಇನ್ನೇನಾದೀತು? ಮಧ್ಯದ ಸಾಲಿಗೆ ಏರಿಸಿ, ಎರಡೂ ರಾಡ್ ಹಾಕಿ ಎಂದು ಹೇಳಿ ಓವನ್ ಹಾಗೆಯೇ ವಾಪಸು ಕಳಿಸಿದೆ. ಪಾಕವಿಧಾನದಲ್ಲಿ 350 ಎಂದಿದ್ದರೆ ಅದು ಫ್ಯಾರನ್‌ಹೀಟ್. ನಮ್ಮ ನಾಬ್‌ನ ಸೆಲ್ಸಿಯಸ್‌ನಲ್ಲಿ ಸುಮಾರು 175. ಅದನ್ನು ತಿಳಿಯದೆ ನಾಬನ್ನು 250ರ ಕೊನೆಗೆ ತಿರುಗಿಸುವವರಿದ್ದಾರೆ. ಒಳಗೆ ಫ್ಯಾನ್ ತಿರುಗುತ್ತಿದ್ದರೆ ಇನ್ನೂ 20 ಡಿಗ್ರಿ ಕಡಿಮೆ ಇಡಿ. ಪುಡಿ ಬೀಳುವ ತಟ್ಟೆಯ ಮೇಲೆ ಫಾಯಿಲ್ ಹಾಸಬೇಡಿ. ಗೋಡೆಗೂ ಓವನ್‌ಗೂ ನಡುವೆ ಕನಿಷ್ಠ 10 ಸೆಂಟಿಮೀಟರ್ ಜಾಗ ಬಿಡಿ.

ಇಷ್ಟೆಲ್ಲ ಸರಿಯಿದ್ದೂ ಸೀಯುತ್ತಿದ್ದರೆ ಮೀಟರ್ ಹತ್ತಿರ ಹೋಗಿ. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಚೆಸ್ಕಾಂನ ಡಿಜಿಟಲ್ ಮೀಟರಿನ ಮುಖದ ಮೇಲೆ ಸಣ್ಣ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದು ಅಲ್ಲೇ ಅಚ್ಚಾಗಿರುತ್ತದೆ. ಅದು 3200 ಆಗಿದ್ದರೆ, 1500 ವಾಟ್ ಓವನ್ ಒಂದೇ ಉರಿಯುವಾಗ ನಿಮಿಷಕ್ಕೆ ಸುಮಾರು 80 ಸಲ ಮಿನುಗಬೇಕು. ಫ್ರಿಜ್, ಗೀಸರ್, ಪಂಪು ಎಲ್ಲ ನಿಲ್ಲಿಸಿ. ಖಾಲಿ ಓವನನ್ನು 150ಕ್ಕೆ ಇಟ್ಟು ಬಾಗಿಲು ಮುಚ್ಚಿ, ಒಬ್ಬರು ಓವನ್ ಹತ್ತಿರವೇ ನಿಂತಿರಲಿ. ಮೊದಲು ದೀಪ ಪಟಪಟನೆ ಹೊಡೆದುಕೊಳ್ಳುತ್ತದೆ. ಸ್ವಲ್ಪ ಹೊತ್ತಿನಲ್ಲಿ ಓವನ್ ‘ಟಕ್’ ಎನ್ನುತ್ತದೆ, ದೀಪ ತಣ್ಣಗಾಗುತ್ತದೆ. ಕೆಲವು ನಿಮಿಷ ಬಿಟ್ಟು ಮತ್ತೆ ಶುರು. ಹೀಗೆ ಬಿಟ್ಟು ಬಿಟ್ಟು ಉರಿದರೆ ಥರ್ಮೋಸ್ಟಾಟ್, ಅಂದರೆ ಇಟ್ಟಷ್ಟು ಡಿಗ್ರಿ ಕಾದೊಡನೆ ಕರೆಂಟ್ ಕಡಿಯುವ ಭಾಗ, ಬದುಕಿದೆ. ಇಪ್ಪತ್ತೈದು ನಿಮಿಷವಾದರೂ ಒಂದೇ ಸಮನೆ ಮಿನುಗುತ್ತಿದ್ದರೆ ನಾಬನ್ನು ನಿಧಾನವಾಗಿ ಅತಿ ಕಡಿಮೆಗೆ ತನ್ನಿ. ಆಗಲೂ ರಾಡ್ ಆರದಿದ್ದರೆ ಥರ್ಮೋಸ್ಟಾಟಿನ ಒಳಗೆ ಕರೆಂಟ್ ಸೇರಿಸಿ ಬಿಡಿಸುವ ಕಾಂಟ್ಯಾಕ್ಟ್ ಅಂಟಿಕೊಂಡಿದೆ ಎಂದೇ ತಿಳಿಯಿರಿ. ಪ್ಲಗ್ ಕೀಳಿ. ಆ ಓವನ್‌ನಲ್ಲಿ ಇನ್ನು ಒಂದು ರೊಟ್ಟಿಯನ್ನೂ ಬಿಸಿ ಮಾಡಬೇಡಿ.

ಥರ್ಮೋಸ್ಟಾಟ್ ಕೆಲಸ ಮಾಡುತ್ತಿದೆ, ಆದರೆ ಸುಳ್ಳು ಹೇಳುತ್ತಿದೆಯೇ? ಇದಕ್ಕೆ ಸಕ್ಕರೆ ಸಾಕು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರ? ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಓವನ್ ಅರ್ಧ ಗಂಟೆ ಕಾದ ಮೇಲೆ ಫಾಯಿಲ್ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆಯನ್ನು ಮಧ್ಯದ ಸಾಲಿನಲ್ಲಿಟ್ಟು, 175ರಲ್ಲಿ ಕಾಲು ಗಂಟೆ ಬಿಡಿ. ಹರಳು ಹರಳಾಗಿಯೇ ಉಳಿಯಬೇಕು. ಹೊಸ ಸಕ್ಕರೆ ಹಾಕಿ 190ರಲ್ಲಿಟ್ಟರೆ ಕರಗಬೇಕು. 175ಕ್ಕೇ ಪಾಕವಾದರೆ ಓವನ್ ತೋರಿಸುವುದಕ್ಕಿಂತ ಹೆಚ್ಚು ಕಾಯುತ್ತಿದೆ. ಬೆಲ್ಲದಲ್ಲಿ ಈ ಆಟ ನಡೆಯುವುದಿಲ್ಲ. ಅದರಲ್ಲಿ ನೀರಿನಂಶ ಇರುವುದರಿಂದ ಬೇಗ ಮೆತ್ತಗಾಗುತ್ತದೆ. ಕರಗಿದ ಸಕ್ಕರೆ ಚರ್ಮಕ್ಕೆ ಅಂಟಿ ಸುಡುತ್ತದೆ, ಪೂರ್ತಿ ಆರುವವರೆಗೆ ಮುಟ್ಟಬೇಡಿ. ತೀರಾ ಸಣ್ಣ ಓಟಿಜಿಯಲ್ಲಿ ರಾಡಿನ ಝಳ ನೇರವಾಗಿ ತಾಗುವುದರಿಂದ ಸಕ್ಕರೆಯನ್ನು ನಂಬಲಾಗದು. ಅಂಥವರು ಓವನ್ ಥರ್ಮಾಮೀಟರ್ ಕೊಳ್ಳುವುದೇ ಲೇಸು. ಮುಳ್ಳು ಹತ್ತು ಹದಿನೈದು ಡಿಗ್ರಿ ಮೇಲೆ ಕೆಳಗೆ ಆಡುವುದು ಸಹಜ. ಯಾವಾಗಲೂ 20 ಹೆಚ್ಚೇ ತೋರಿಸಿದರೆ ನಾಬನ್ನು 20 ಕಡಿಮೆ ಇಟ್ಟುಕೊಳ್ಳಿ, ನನಗೆ ದುಡ್ಡು ಕೊಡಬೇಡಿ.

ದೊಡ್ಡ ಓವನ್‌ಗಳ ಒಳಗೋಡೆಯಲ್ಲಿ ಕ್ಲಿಪ್ಪಿಗೆ ಸಿಕ್ಕಿಸಿದ ತೆಳುವಾದ ಲೋಹದ ಕಡ್ಡಿಯೊಂದಿರುತ್ತದೆ. ಶಾಖವನ್ನು ಅಳೆಯುವುದು ಅದೇ. ಅದು ಕ್ಲಿಪ್ಪಿನಿಂದ ಜಾರಿದ್ದರೆ, ಜಿಡ್ಡು ಮೆತ್ತಿದ್ದರೆ ಲೆಕ್ಕ ತಪ್ಪುತ್ತದೆ. ಪ್ಲಗ್ ಕಿತ್ತು, ಓವನ್ ಆರಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಕ್ಲಿಪ್ಪಿಗೆ ಕೂರಿಸಿ, ಬಗ್ಗಿಸಬೇಡಿ. ಮನೆಯಲ್ಲಿ ಮಾಡಬಹುದಾದದ್ದು ಇಲ್ಲಿಗೆ ಮುಗಿಯಿತು, ಹಿಂದಿನ ತಗಡು ಬಿಚ್ಚುವುದು ನಿಮ್ಮ ಕೆಲಸವಲ್ಲ.

ಪ್ಲಗ್ಗಿನ ವಿಷಯ. 1500 ವಾಟ್ ಎಂದರೆ ಆರೂವರೆ ಆಂಪಿಯರ್, ಆದ್ದರಿಂದ 16 ಆಂಪಿಯರ್‌ನ ಪವರ್ ಪ್ಲಗ್ಗೇ ಬೇಕು. ಮೊಬೈಲ್ ಚಾರ್ಜ್ ಮಾಡುವ ಎಕ್ಸ್‌ಟೆನ್ಶನ್ ಬೋರ್ಡಿಗೆ ಸಿಕ್ಕಿಸಿದರೆ ಓವನ್‌ಗಿಂತ ಮೊದಲು ಬೋರ್ಡ್ ಕರಗುತ್ತದೆ.

ರಿಪೇರಿಗೆ ಕೊಡುವಾಗ ಹಳೆಯದರ ಡಿಗ್ರಿಗೂ ಆಂಪಿಯರ್‌ಗೂ ಹೊಂದುವ ಥರ್ಮೋಸ್ಟಾಟನ್ನೇ ಹಾಕಿಸಿ, ಹಳೆಯದನ್ನು ಕೇಳಿ ಪಡೆಯಿರಿ. ಒಳಗಿನ ಥರ್ಮಲ್ ಫ್ಯೂಸ್ (ಶಾಖ ಮಿತಿಮೀರಿದರೆ ಕರೆಂಟ್ ಕಡಿಯುವ ಫ್ಯೂಸ್) ಹೋಗಿದ್ದರೆ ಕೆಲವರು ತುಂಡು ತಂತಿ ಸೇರಿಸಿ ‘ಡೈರೆಕ್ಟ್’ ಮಾಡಿಕೊಡುತ್ತಾರೆ. ಅಗ್ಗವಾಗಿ ಮುಗಿಯುತ್ತದೆ, ಓವನ್ ಉರಿಯುತ್ತದೆ. ಆದರೆ ಥರ್ಮೋಸ್ಟಾಟ್ ಇನ್ನೊಮ್ಮೆ ಅಂಟಿಕೊಂಡ ದಿನ ಅದನ್ನು ತಡೆಯುವುದು ಏನೂ ಇರುವುದಿಲ್ಲ. ಹಾಗೆ ಮಾಡಿಕೊಡಿ ಎಂದು ನನ್ನನ್ನು ಕೇಳಿದವರಿಗೆ ಓವನನ್ನು ಹಾಗೆಯೇ ವಾಪಸು ಕೊಟ್ಟಿದ್ದೇನೆ.