ಟಿಕೆಟ್ ಮಷಿನ್ ಪರೀಕ್ಷೆ ಮಾಡುವ ಮಷಿನ್

ಬಸ್ ಕಂಡಕ್ಟರ್ ಕೈಯಲ್ಲಿ ಟಿಕೆಟ್ ಕೊಡುವ ಮಷಿನ್ ಇರುತ್ತದಲ್ಲ, ಅಂಥದ್ದನ್ನು ತಯಾರಿಸುವ ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ ನಾನು ಕೆಲವು ವರ್ಷ ಕೆಲಸ ಮಾಡಿದೆ. ಹೊರಗಿಂದ ನೋಡಿದರೆ ಕ್ಯಾಲ್ಕುಲೇಟರಿಗೆ ಪ್ರಿಂಟರ್ ಅಂಟಿಸಿದ ಹಾಗಿರುತ್ತದೆ. ಒಳಗೆ ಮಾತ್ರ ಪೂರ್ತಿ ಲಿನಕ್ಸ್ ಕಂಪ್ಯೂಟರ್. ಐ.ಎಂಎಕ್ಸ್ 6ಯುಎಲ್‌ಎಲ್ ಪ್ರೊಸೆಸರ್, ಇಎಂಎಂಸಿ ಮೆಮೊರಿ (ಪವರ್ ಹೋದರೂ ಬರೆದದ್ದು ಉಳಿಯುವ ಚಿಪ್), ವೈಫೈ, ಸಿಮ್ ಹಾಕುವ ಮಾಡೆಮ್, 20 ಕೀ, 58 ಮಿ.ಮೀ. ಕಾಗದದ ಥರ್ಮಲ್ ಪ್ರಿಂಟರ್, ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿ.

ತಿಂಗಳಿಗೆ 50 ಮಷಿನ್ ಮಾಡುವ ಕಾಲದಲ್ಲಿ ಪರೀಕ್ಷೆ ಅಂದರೆ ಒಂದು ಹಾಳೆ, ಒಂದು ಪೆನ್ನು. ಆನ್ ಮಾಡು, ಕೀ ಒತ್ತು, ಪ್ರಿಂಟ್ ತೆಗೆ, ವೈಫೈಗೆ ಸೇರಿಸು, ಒಂದೊಂದಕ್ಕೂ ಟಿಕ್ ಹಾಕು. ಒಂದು ಮಷಿನ್‌ಗೆ 12 ನಿಮಿಷ. ಒಂದು ಶಿಫ್ಟ್‌ನಲ್ಲಿ ಊಟ, ಟೀ ಕಳೆದು 420 ನಿಮಿಷ ಸಿಕ್ಕರೆ ಒಬ್ಬರಿಗೆ 35 ಮಷಿನ್. ಆಮೇಲೆ ದಿನಕ್ಕೆ 300 ಬೇಕೆನ್ನುವ ಆರ್ಡರ್ ಬಂತು. ಒಂಬತ್ತು ಜನರನ್ನು ಸಾಲಾಗಿ ಕೂರಿಸಿ ಟಿಕ್ ಹಾಕಿಸುವುದು ಒಂದು ದಾರಿ. ಅಷ್ಟರಲ್ಲಿ ಡಿಪೋದಿಂದ ಒಂದು ಮಷಿನ್ ವಾಪಸ್ ಬಂತು. ಬಿಚ್ಚಿದರೆ ಬೀಪ್ ಮಾಡುವ ಬಜರೇ ಇಲ್ಲ. ಅದರ ಹಾಳೆ ಹುಡುಕಿ ತೆಗೆದೆ. ಬಜರ್ ಎದುರಿಗೆ ಚೊಕ್ಕವಾಗಿ ಟಿಕ್ ಹಾಕಿತ್ತು. ಹಾಕಿದವರ ತಪ್ಪಲ್ಲ ಬಿಡಿ. ದಿನದ ಮೂವತ್ತನೇ ಮಷಿನ್ ಹೊತ್ತಿಗೆ ಯಾರ ಕಿವಿಯಾದರೂ ಬೀಪ್ ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ. ಹಾಗಾಗಿ ಈ ಕೆಲಸವನ್ನು ಮಷಿನ್‌ಗೇ ಕೊಡೋಣ ಅಂತ ನಿರ್ಧಾರವಾಯಿತು.

ಪರೀಕ್ಷೆಯನ್ನು ಎರಡು ಕಡೆ ಒಡೆದೆವು. ಮೊದಲನೆಯದು ಬರೀ ಸರ್ಕ್ಯೂಟ್ ಬೋರ್ಡ್‌ಗೆ, ಜಿಗ್ ಮೇಲೆ. ಎರಡನೆಯದು ಕವಚ ಹಾಕಿ ಸ್ಕ್ರೂ ಬಿಗಿದ ಪೂರ್ತಿ ಮಷಿನ್‌ಗೆ.

ಜಿಗ್ ಅಂದರೆ ಏನೂ ದೊಡ್ಡ ವಿಷಯ ಅಲ್ಲ. ಪಕ್ಕದ ರಸ್ತೆಯಲ್ಲಿ ಲೇಸರ್‌ನಲ್ಲಿ ಕತ್ತರಿಸಿಕೊಂಡ ಅಕ್ರಿಲಿಕ್ ಹಾಳೆಗಳು, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಿಂದ ತಂದ ಪೋಗೋ ಪಿನ್‌ಗಳು, ಬೋರ್ಡನ್ನು ಒತ್ತಿ ಹಿಡಿಯುವ ಒಂದು ಕ್ಲಾಂಪ್. ಒಂದು ಜಿಗ್‌ನಲ್ಲಿ ನಾಲ್ಕು ಬೋರ್ಡ್. ಪೋಗೋ ಪಿನ್ ಅಂದರೆ ಒಳಗೆ ಸ್ಪ್ರಿಂಗ್ ಇರುವ ಮೊಳೆ. ಬೋರ್ಡಿನ ಅಡಿಯ ಟೆಸ್ಟ್ ಪಾಯಿಂಟ್‌ಗಳಿಗೆ ತಾಗಿ ವಿದ್ಯುತ್, ಯುಎಸ್‌ಬಿ, ಅಳತೆಯ ತಂತಿ ಎಲ್ಲವನ್ನೂ ಕೊಡುತ್ತದೆ.

ನಾನು ಹಟ ಹಿಡಿದ ಒಂದು ವಿಷಯ ಇದೆ. ಪರೀಕ್ಷೆಯ ಸಾಫ್ಟ್‌ವೇರನ್ನು ಇಎಂಎಂಸಿಗೆ ಬರೆಯಬಾರದು. ಬರೆದರೆ ಒಂದಲ್ಲ ಒಂದು ದಿನ ಅದು ಹಾಗೇ ಗಿರಾಕಿ ಕೈಗೆ ಹೋಗುತ್ತದೆ. ಇನ್ನೊಂದು ಕಾರಣ, ಇಎಂಎಂಸಿಯೇ ಕೆಟ್ಟಿದ್ದರೆ ಆ ಬೋರ್ಡ್ ಬೂಟ್ ಆಗದೆ ಸುಮ್ನೆ ಸತ್ತಂತೆ ಬಿದ್ದಿರುತ್ತದೆ, ಏನು ಕೆಟ್ಟಿದೆ ಅಂತ ಹೇಳುವುದೇ ಇಲ್ಲ. ಈ ಪ್ರೊಸೆಸರಿನೊಳಗೆ ಅಳಿಸಲಾಗದಂತೆ ಬರೆದಿರುವ ರಾಮ್ (ROM) ಕೋಡ್‌ನಲ್ಲಿ ಸೀರಿಯಲ್ ಡೌನ್‌ಲೋಡ್ ಅಂತ ಒಂದು ಮೋಡ್ ಇದೆ. ಬೂಟ್ ಪಿನ್ನನ್ನು ಜಿಗ್ ಎಳೆದು ಹಿಡಿದರೆ ಚಿಪ್ ತಾನೇ ಯುಎಸ್‌ಬಿ ಮೇಲೆ ಕಾಣಿಸಿಕೊಂಡು ಪ್ರೋಗ್ರಾಂಗಾಗಿ ಕಾಯುತ್ತದೆ. ಯುಯುಯು ಅನ್ನುವ ಟೂಲ್ ಬಳಸಿ ಯೂಬೂಟ್ (ಲಿನಕ್ಸನ್ನು ಎಬ್ಬಿಸುವ ಪ್ರೋಗ್ರಾಂ), ಲಿನಕ್ಸ್ ಕರ್ನೆಲ್, ಬಿಲ್ಡ್‌ರೂಟ್ ಅನ್ನುವ ಟೂಲ್‌ನಲ್ಲಿ ಮಾಡಿದ ಒಂದು ಪುಟ್ಟ ಫೈಲ್‌ಸಿಸ್ಟಂ ಮೂರನ್ನೂ ನೇರ ರ್ಯಾಮ್‌ಗೆ (RAM), ಅಂದರೆ ಪವರ್ ಇರುವ ತನಕ ಮಾತ್ರ ನೆನಪಿಡುವ ಮೆಮೊರಿಗೆ ತಳ್ಳಿದೆವು. ಪವರ್ ತೆಗೆದರೆ ಕುರುಹೂ ಉಳಿಯುವುದಿಲ್ಲ.

ಹೊಸ ಬೋರ್ಡ್‌ಗಳಿಗೆ ಇನ್ನೂ ಹೆಸರಿಲ್ಲ, ನಂಬರಿಲ್ಲ. ನಾಲ್ಕೂ ಒಂದೇ ಥರ ಕಾಣುತ್ತವೆ. ಯಾವುದು ಯಾವ ಗೂಡಿನಲ್ಲಿದೆ ಅನ್ನುವುದನ್ನು ಯುಎಸ್‌ಬಿ ಹಬ್ಬಿನ ಪೋರ್ಟ್ ನೋಡಿ ತಿಳಿಯಬೇಕು. ಒಂದು ದಿನ ಯಾರೋ ಧೂಳು ಒರೆಸುವಾಗ ಎರಡು ಕೇಬಲ್ ಅದಲುಬದಲಾಯಿತು. ಎರಡನೇ ಗೂಡಿನ ಕೆಂಪು, ಅಂದರೆ ಫೇಲ್, ಮೂರನೆಯದರ ಮೇಲೆ ಬೀಳತೊಡಗಿತು. ಒಳ್ಳೆಯ ಬೋರ್ಡ್ ರೀವರ್ಕ್‌ಗೆ ಅಂದರೆ ರಿಪೇರಿಗೆ, ಕೆಟ್ಟದ್ದು ಮುಂದಕ್ಕೆ. ಅವತ್ತಿನಿಂದ ಪ್ರತಿ ಚಿಪ್ಪಿನೊಳಗೇ ಇರುವ 64 ಬಿಟ್ಟಿನ ವಿಶಿಷ್ಟ ನಂಬರನ್ನು ಓದಿ ಫಲಿತಾಂಶಕ್ಕೆ ಕಟ್ಟಿದೆವು. ಕವಚ ಹಾಕಿದ ಮೇಲೆ ಎರಡನೇ ಪರೀಕ್ಷೆ ಅದೇ ನಂಬರ್ ಓದಿ, ಇದು ಮೊದಲನೆಯದರಲ್ಲಿ ಪಾಸಾಗಿದೆಯಾ ಅಂತ ಕೇಳಿಕೊಂಡೇ ಶುರುವಾಗುತ್ತದೆ. ನೆಟ್‌ವರ್ಕ್‌ನಲ್ಲಿ ಮಷಿನ್ ಗುರುತಿಸುವ ಮ್ಯಾಕ್ ವಿಳಾಸವನ್ನು ಚಿಪ್ಪಿನೊಳಗಿನ ಫ್ಯೂಸ್‌ಗಳಲ್ಲಿ ಸುಡುವುದು, ಅಂದರೆ ಕಾಯಂ ಬರೆಯುವುದು, ಎಲ್ಲಕ್ಕಿಂತ ಕೊನೆಗೆ. ಸುಟ್ಟದ್ದು ಸುಟ್ಟಿತು, ವಾಪಸ್ ಇಲ್ಲ.

ಡಿಸ್‌ಪ್ಲೇ ಮತ್ತು ಕೀಪ್ಯಾಡ್ ವಿಷಯಕ್ಕೆ ಜಾಸ್ತಿ ತಲೆ ಓಡಿಸಬೇಕಾಯಿತು. ಕೀ ಒತ್ತಲು ಸೊಲೆನಾಯ್ಡ್ (ವಿದ್ಯುತ್ ಕೊಟ್ಟರೆ ಚಲಿಸುವ ಕಡ್ಡಿ), ಸ್ಕ್ರೀನ್ ನೋಡಲು ಕ್ಯಾಮೆರಾ ಅಂತೆಲ್ಲ ಚಿತ್ರ ಬಿಡಿಸಿದ್ದೆ. ಕೊನೆಗೆ ಮನುಷ್ಯರೇ ವಾಸಿ ಅನ್ನಿಸಿತು. ಆದರೆ 'ಸ್ಕ್ರೀನ್ ಸರಿ ಇದೆಯಾ? ಹೌದು/ಇಲ್ಲ' ಅಂತ ಕೇಳಿದರೆ ಕೈ ತಾನಾಗಿ ಹೌದು ಒತ್ತುತ್ತದೆ. ಅದಕ್ಕೆ ಮಷಿನ್ ತನ್ನ ಸ್ಕ್ರೀನಿನ ಮೇಲೆ, ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ, ಯಾವ ಕೀ ಒತ್ತಬೇಕು ಅಂತ ಒಂದೊಂದಾಗಿ ತೋರಿಸುತ್ತದೆ. ಇಪ್ಪತ್ತೂ ಕೀ ಬರುತ್ತವೆ, ಕ್ರಮ ಮಾತ್ರ ಪ್ರತಿ ಸಲ ಬೇರೆ. ನೋಡದೆ ಒತ್ತಲು ಸಾಧ್ಯವೇ ಇಲ್ಲ. ಒಂದೇ ಆಟದಲ್ಲಿ ಸ್ಕ್ರೀನೂ ಆಯಿತು, ಕೀಪ್ಯಾಡೂ ಆಯಿತು. ಅಭ್ಯಾಸವಾದ ಮೇಲೆ ಲೈನಿನ ಹೆಣ್ಣುಮಕ್ಕಳು ಯಾರು ಬೇಗ ಮುಗಿಸುತ್ತಾರೆ ಅಂತ ಪಂದ್ಯ ಕಟ್ಟುತ್ತಿದ್ದರು.

ಬಜರ್, ಬ್ಯಾಕ್‌ಲೈಟ್ ಸುಲಭ. ಒಂದಕ್ಕೆ ಮೈಕ್, ಇನ್ನೊಂದಕ್ಕೆ ಬೆಳಕಿನ ಸೆನ್ಸರ್.

ಪ್ರಿಂಟರ್ ನಮಗೆ ಪಾಠ ಕಲಿಸಿತು. ಮೊದಲ ಆವೃತ್ತಿಯಲ್ಲಿ ಮಷಿನ್ ಒಂದು ಕ್ಯೂಆರ್ ಕೋಡ್ ಮುದ್ರಿಸುತ್ತಿತ್ತು, ಮೇಜಿನ ಸ್ಕ್ಯಾನರ್ ಅದನ್ನು ಓದುತ್ತಿತ್ತು. ಓದಿದರೆ ಪಾಸ್. ನೋಡೋಕೆ ಬಹಳ ಚೆನ್ನಾಗಿತ್ತು, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಎರಡು ತಿಂಗಳಾದ ಮೇಲೆ ಡಿಪೋದವರು ಟಿಕೆಟ್‌ಗಳ ಕಟ್ಟು ಕಳಿಸಿದರು. ದರದ ಅಂಕಿಯ ಮಧ್ಯೆ ಉದ್ದಕ್ಕೂ ಬಿಳಿ ಗೆರೆ. 8 ಯಾವುದು, 3 ಯಾವುದು ಗೊತ್ತಾಗುತ್ತಿಲ್ಲ. ಪ್ರಿಂಟ್ ಹೆಡ್ಡಿನಲ್ಲಿ 384 ಚುಕ್ಕಿಗಳಿವೆ, ಮಿಲಿಮೀಟರಿಗೆ 8. ಅದರಲ್ಲಿ ಕೆಲವು ಉರಿಯುತ್ತಲೇ ಇರಲಿಲ್ಲ. ಕ್ಯೂಆರ್ ಕೋಡ್ ಇರುವುದೇ ಅಳಿಸಿದ್ದನ್ನೂ ಓದಲಿ ಅಂತ. ನಾವು ಬಳಸಿದ ಮಟ್ಟದಲ್ಲಿ ಸುಮಾರು 15% ಹಾಳಾದರೂ ಅದು ಸರಿಪಡಿಸಿಕೊಂಡು ಓದುತ್ತದೆ. ದೋಷ ಮುಚ್ಚಿಡುವ ಕಲೆ ಗೊತ್ತಿರುವವನನ್ನೇ ತಂದು ದೋಷ ಹುಡುಕಲು ಕೂರಿಸಿದ್ದೆವು, ಅಲ್ವಾ! ಈಗ 384 ಚುಕ್ಕಿಯೂ ಒಟ್ಟಿಗೆ ಉರಿಯುವಂತೆ ಒಂದು ಅಗಲವಾದ ಕಪ್ಪು ಪಟ್ಟಿ ಮುದ್ರಿಸಿ, ವೆಬ್‌ಕ್ಯಾಮ್‌ನಲ್ಲಿ ಫೋಟೊ ತೆಗೆದು, ಕಂಬದಂತೆ ಬಿಳಿ ಗೆರೆ ಇದೆಯಾ ಅಂತ ಪೈಥಾನ್ ಪ್ರೋಗ್ರಾಂ ನೋಡುತ್ತದೆ.

ಅದೇ ಸಮಯಕ್ಕೆ ಇನ್ನೊಂದು ದೂರು. ರಾತ್ರಿ ಡಿಪೋಗೆ ಬಂದ ಮಷಿನ್‌ಗಳಲ್ಲಿ ಕೆಲವು ವೈಫೈ ಮೂಲಕ ಲೆಕ್ಕ ಕಳಿಸುವುದಿಲ್ಲ. ನಮ್ಮ ದಾಖಲೆ ನೋಡಿದರೆ ಎಲ್ಲವೂ ಪಾಸ್. ಅದೃಷ್ಟಕ್ಕೆ ನಾನು ಪಾಸ್, ಫೇಲ್ ಅಷ್ಟೇ ಬರೆದಿಡದೆ ಅಳತೆಯ ಸಂಖ್ಯೆಯನ್ನೂ ಎಸ್‌ಕ್ಯೂಲೈಟ್ ಡೇಟಾಬೇಸ್‌ಗೆ ಹಾಕುತ್ತಿದ್ದೆ. ವೈಫೈ ಸಿಗ್ನಲ್ ಸಂಖ್ಯೆಗಳನ್ನೆಲ್ಲ ತೆಗೆದು ಗ್ರಾಫ್ ಹಾಕಿದೆ. ಒಂದು ಗುಡ್ಡ ಬರಬೇಕಿತ್ತು, ಎರಡು ಬಂದವು. ದೊಡ್ಡದು -38 ಡಿಬಿಎಂ ಸುತ್ತ (ಡಿಬಿಎಂ ಅಂದರೆ ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಜಾಸ್ತಿ). ದೂರದಲ್ಲಿ ಒಂದು ಪುಟ್ಟ ದಿಬ್ಬ, -62 ಸುತ್ತ. ಪುಟ್ಟ ದಿಬ್ಬದ ಮಷಿನ್‌ಗಳಲ್ಲಿ ಒಂದು ಇನ್ನೂ ಸ್ಟೋರ್ಸ್‌ನಲ್ಲೇ ಇತ್ತು. ಬಿಚ್ಚಿದೆ. ಆಂಟೆನಾದ ಸಣ್ಣ ಕನೆಕ್ಟರ್ ಬೋರ್ಡಿಗೆ ಕ್ಲಿಕ್ ಆಗಿಯೇ ಇರಲಿಲ್ಲ, ಪಕ್ಕದಲ್ಲಿ ಮಲಗಿತ್ತು. ನಮ್ಮ ರೂಟರ್ ಮೇಜಿನ ಮೇಲೆ, ಮಷಿನ್‌ನಿಂದ ಒಂದು ಮೀಟರ್ ದೂರ. ಅಷ್ಟು ಹತ್ತಿರದಲ್ಲಿ ಆಂಟೆನಾ ಇಲ್ಲದೆಯೂ ಮಾತಾಡುತ್ತದೆ. ಪಾಸ್ ಮಿತಿಯನ್ನು -70 ಅಂತ ಇಟ್ಟವನು ನಾನೇ. ಯಾಕೆ -70 ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ನೆ ಇಟ್ಟಿದ್ದೆ. ಮಿತಿಯನ್ನು -50ಕ್ಕೆ ಎಳೆದೆ.

ಇಷ್ಟಾದ ಮೇಲೆ ನನಗೆ ಹಸಿರು ದೀಪ ಕಂಡರೇ ಅನುಮಾನ. ಒಂದು ಪರೀಕ್ಷೆ ಬರೆದರೆ, ಅದನ್ನು ಫೇಲ್ ಮಾಡಿಸಿ ನೋಡುವವರೆಗೆ ಲೈನಿಗೆ ಬಿಡುತ್ತಿರಲಿಲ್ಲ. ಆಂಟೆನಾ ಕಿತ್ತು ನೋಡು. ಕಪ್ಪು ಪಟ್ಟಿಯ ಮೇಲೆ ಒಂದು ಬಿಳಿ ಕೂದಲು ಇಟ್ಟು ನೋಡು. ಬಜರ್ ತೆಗೆದು ನೋಡು. ಬಜರ್ ಪರೀಕ್ಷೆ ಹಾಗೇ ಸಿಕ್ಕಿಬಿತ್ತು. ಬಜರ್ ಇಲ್ಲದೆಯೂ ಪಾಸ್! ಮೈಕ್ ಕೇಳಿಸಿಕೊಳ್ಳುತ್ತಿದ್ದದ್ದು ಪಕ್ಕದ ಗೂಡಿನ ಬೀಪ್. ನಾಲ್ಕು ಗೂಡಿಗೆ ನಾಲ್ಕು ಬೇರೆ ಸ್ವರ ಕೊಟ್ಟ ಮೇಲೆ ಸರಿಹೋಯಿತು.

ಒಂದೊಂದನ್ನೇ ಪರೀಕ್ಷಿಸಿದರೆ ಸಿಗದ ದೋಷವೂ ಇತ್ತು. ಕೆಲವು ಮಷಿನ್ ಟಿಕೆಟ್ ಕೊಡುವಾಗ ಇದ್ದಕ್ಕಿದ್ದಂತೆ ರೀಬೂಟ್ ಆಗುತ್ತಿದ್ದವು, ಅದೂ ಊರಾಚೆ. ಪ್ರಿಂಟರ್ ಪಾಸ್, ಮಾಡೆಮ್ ಪಾಸ್, ಬ್ಯಾಟರಿ ಪಾಸ್. ಊರಾಚೆ ಸಿಗ್ನಲ್ ಕಡಿಮೆ, ಮಾಡೆಮ್ 2ಜಿಗೆ ಇಳಿದು ಪೂರ್ತಿ ಬಲದಲ್ಲಿ ಕೂಗುತ್ತದೆ. 2ಜಿಯಲ್ಲಿ ಮಾಡೆಮ್ ಒಂದೇ ಸಮ ಕೂಗುವುದಿಲ್ಲ. 4.6 ಮಿಲಿಸೆಕೆಂಡಿಗೆ ಒಮ್ಮೆ ಅರ್ಧ ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಉಸಿರೆಳೆದ ಹಾಗೆ 2 ಆಂಪಿಯರ್ ತನಕ ಎಳೆಯುತ್ತದೆ. ಅದೇ ಕ್ಷಣಕ್ಕೆ ಪ್ರಿಂಟ್ ಹೆಡ್ ಉರಿದರೆ ವೋಲ್ಟೇಜ್ ಕುಸಿಯುತ್ತದೆ. ಅದನ್ನು ತಡೆಯಲೆಂದೇ ಮಾಡೆಮ್ ಪಕ್ಕ ಒಂದು ದೊಡ್ಡ ಕೆಪಾಸಿಟರ್ (ವಿದ್ಯುತ್ ಕೂಡಿಟ್ಟು ಬೇಕಾದಾಗ ಕೊಡುವ ಭಾಗ) ಇದೆ. ಈ ಮಷಿನ್‌ಗಳಲ್ಲಿ ಅದರ ಒಂದು ಕಾಲು ಡ್ರೈ ಸಾಲ್ಡರ್, ಅಂದರೆ ಬೆಸುಗೆ ಸರಿಯಾಗಿ ಹಿಡಿದಿರಲಿಲ್ಲ. ಮಾಡೆಮ್ ನಿಜವಾಗಿ ಕೂಗಬೇಕಾದರೆ ನೆಟ್‌ವರ್ಕ್ ಬೇಕು, ಫ್ಯಾಕ್ಟರಿಯೊಳಗೆ ಅದು ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಅದಕ್ಕೆ ಜಿಗ್‌ನಲ್ಲಿ ಒಂದು ಮಾಸ್‌ಫೆಟ್ (ವಿದ್ಯುತ್‌ನಿಂದಲೇ ಆನ್, ಆಫ್ ಆಗುವ ಸ್ವಿಚ್), ಒಂದು ದಪ್ಪ ರೆಸಿಸ್ಟರ್ ಇಟ್ಟು ಅದೇ ತಾಳದಲ್ಲಿ ಮಾಡೆಮ್‌ಗೆ ವಿದ್ಯುತ್ ಕೊಡುವ ಲೈನಿನಿಂದ 2 ಆಂಪಿಯರ್ ಎಳೆದೆವು. ಜೊತೆಗೇ, ಬೇರೆ ಪಿನ್‌ಗಳ ಮೂಲಕ ಜೋಡಿಸಿದ ಒಂದು ಪ್ರಿಂಟ್ ಹೆಡ್ಡಿನಲ್ಲಿ ಕಪ್ಪು ಪಟ್ಟಿ. ಮೊದಲ ವಾರದಲ್ಲೇ ಇಂಥ ಬೋರ್ಡ್‌ಗಳು ಜಿಗ್ ಮೇಲೇ ಉದುರಿದವು.

2021ರಲ್ಲಿ ಚಿಪ್ ಬರ ಬಂತಲ್ಲ, ಆಗ ಇಎಂಎಂಸಿ ಎಲ್ಲಿ ಸಿಕ್ಕರೆ ಅಲ್ಲಿ ಕೊಂಡದ್ದುಂಟು. ಒಂದು ಲಾಟ್ ಬಂತು, ಪ್ಯಾಕಿಂಗ್ ಹೊಸದು, ಓದು ಬರಹದ ಪರೀಕ್ಷೆಯೂ ಪಾಸ್. ಇಎಂಎಂಸಿ 5.0ರಿಂದ ಈಚಿನ ಚಿಪ್‌ಗಳು ತಮ್ಮ ಆಯಸ್ಸು ಎಷ್ಟು ಸವೆದಿದೆ ಅಂತ ಒಂದು ರಿಜಿಸ್ಟರ್‌ನಲ್ಲಿ ಹೇಳುತ್ತವೆ. 1 ಅಂದರೆ 10% ಒಳಗೆ, 2 ಅಂದರೆ 20% ಒಳಗೆ, ಹೀಗೆ. ಹೊಸ ಚಿಪ್ 1 ಹೇಳಬೇಕು. ಈ ಲಾಟ್‌ನಲ್ಲಿ 4, 5 ಎಲ್ಲ ಬಂತು. ಯಾವುದೋ ಹಳೆಯ ಬೋರ್ಡಿನಿಂದ ಕಿತ್ತು, ತೊಳೆದು, ಹೊಸದೆಂದು ಮಾರಿದ್ದು. ಆ ರಿಜಿಸ್ಟರ್ ಓದುವ ಎರಡು ಸಾಲನ್ನು ನಾನು ಹಾಕಿದ್ದು ಬರೀ ಕುತೂಹಲಕ್ಕೆ. ನನ್ನ ಇಡೀ ಕೆಲಸದಲ್ಲಿ ಕಂಪನಿಗೆ ಜಾಸ್ತಿ ದುಡ್ಡು ಉಳಿಸಿದ್ದು ಬಹುಶಃ ಆ ಎರಡು ಸಾಲೇ.

ಲೈನಿನಲ್ಲಿ ನನಗೆ ಜಾಸ್ತಿ ಕಲಿಸಿದ್ದು ಜಿಗ್ ನೋಡಿಕೊಳ್ಳುತ್ತಿದ್ದ ಅಕ್ಕ. ನನ್ನ ಮೊದಲ ಸ್ಕ್ರೀನಿನಲ್ಲಿ 'ಯುಎಸ್‌ಬಿ ಎನ್ಯುಮರೇಷನ್ ಟೈಮ್‌ಔಟ್' ಅಂತ ಇಂಗ್ಲಿಷಿನಲ್ಲಿ ಬರುತ್ತಿತ್ತು. "ಸಾರ್, ಇದು ಬಂದ್ರೆ ನಾನೇನ್ ಮಾಡ್ಬೇಕು ಅದನ್ನ ಹೇಳಿ, ಅದಕ್ಕೇನಾಗಿದೆ ಅಂತ ನಂಗ್ಯಾಕೆ?" ಅಂದರು. ಎಲ್ಲ ಸಂದೇಶಗಳನ್ನೂ ಕನ್ನಡದಲ್ಲಿ, ಮಾಡಬೇಕಾದ ಕೆಲಸವಾಗಿ ಬರೆದೆ. 'ಬೋರ್ಡ್ ಸರಿಯಾಗಿ ಕೂತಿಲ್ಲ, ತೆಗೆದು ಮತ್ತೆ ಇಡಿ.' ಅಷ್ಟೇ.

ಇನ್ನೊಂದು ದಿನ, ಫೇಲ್ ಯಾಕೆ ಇಷ್ಟು ಕಡಿಮೆ ಬರುತ್ತಿದೆ ಅಂತ ನಾನು ಹೆಮ್ಮೆಯಿಂದಲೇ ಕೇಳಿದೆ. ಅಕ್ಕ ನಕ್ಕರು. "ಅದಕ್ಯಾಕೆ ತಲೆ ಕೆಡಿಸ್ಕೊಳ್ತೀರ ಸಾರ್? ಕೆಂಪು ಬಂದ್ರೆ ತೆಗ್ದು ಇನ್ನೊಂದ್ಸಲ ಇಟ್ರಾಯ್ತು. ಎರಡ್ಮೂರು ಸಲಕ್ಕೆ ಹಸಿರು ಬಂದೇ ಬರತ್ತೆ." ನನಗೆ ಎದೆ ಧಸಕ್ ಅಂದಿತು. ದಾಖಲೆಯಲ್ಲಿ ಕೊನೆಯ ಫಲಿತಾಂಶ ಮಾತ್ರ ಉಳಿಯುವಂತೆ ಬರೆದಿದ್ದೆ. ಪ್ರತಿ ಪ್ರಯತ್ನವನ್ನೂ ಉಳಿಸಲು ಶುರು ಮಾಡಿದ ಮೇಲೆ ಗೊತ್ತಾಯಿತು, ಜಾಸ್ತಿ ಕೆಂಪು ಬೋರ್ಡಿನದಲ್ಲ, ಜಿಗ್‌ನದೇ. ಸಾಲ್ಡರ್ ಮಾಡುವಾಗ ಬಳಸುವ ಫ್ಲಕ್ಸ್‌ನ ಅಂಟು ಪಿನ್ ತುದಿಗೆ ಕೂತು ಸಂಪರ್ಕ ಸರಿಯಾಗಿ ಆಗುತ್ತಿರಲಿಲ್ಲ. ಅಕ್ಕನ ತಪ್ಪಲ್ಲ, ಜಿಗ್ ಅವರಿಗೆ ಹಾಗೇ ಅಭ್ಯಾಸ ಮಾಡಿಸಿತ್ತು. ಈಗ ಶಿಫ್ಟ್ ಶುರುವಿನಲ್ಲಿ ಐಪಿಎ ಅನ್ನುವ ಆಲ್ಕೋಹಾಲಿನಲ್ಲಿ ಅದ್ದಿದ ಬ್ರಷ್‌ನಲ್ಲಿ ಪಿನ್ ಉಜ್ಜುತ್ತಾರೆ. ಪ್ರತಿ ಬೋರ್ಡಿಗೂ ಮೊದಲು ಜಿಗ್ ತನ್ನದೇ ಎರಡು ಪಿನ್‌ಗಳ ನಡುವಿನ ರೆಸಿಸ್ಟೆನ್ಸ್ ಅಳೆಯುತ್ತದೆ. ಎರಡು ಸಲ ಕೆಂಪು ಬಂದ ಬೋರ್ಡನ್ನು ಮೂರನೇ ಸಲ ಅದು ತೆಗೆದುಕೊಳ್ಳುವುದೇ ಇಲ್ಲ, 'ರೀವರ್ಕ್‌ಗೆ ಕೊಡಿ' ಅನ್ನುತ್ತದೆ.

ಕೊನೆಗೆ ಮಷಿನ್‌ಗೆ ಎಲ್ಲ ಸೇರಿ ಮೂರು ನಿಮಿಷದ ಒಳಗೆ ಮುಗಿಯುತ್ತಿತ್ತು, ಅದರಲ್ಲಿ ಮನುಷ್ಯರ ಕೈ ಬೇಕಾದದ್ದು ಅರ್ಧ ನಿಮಿಷ.

ಜಿಗ್ಗನ್ನೇ ಪರೀಕ್ಷಿಸಲು ಒಂದು ಕೆಂಪು ಡಬ್ಬಿ ಇಟ್ಟೆವು. ಅದರೊಳಗೆ ಬೇಕಂತಲೇ ಕೆಡಿಸಿದ ಐದು ಬೋರ್ಡ್. ಒಂದಕ್ಕೆ ಕೆಪಾಸಿಟರ್ ಇಲ್ಲ, ಒಂದಕ್ಕೆ ಬಜರ್ ಇಲ್ಲ, ಹೀಗೆ. ಬೆಳಗ್ಗೆ ಮೊದಲು ಅವನ್ನು ಇಡಬೇಕು, ಐದೂ ಸರಿಯಾದ ಕಾರಣಕ್ಕೆ ಫೇಲ್ ಆದರೆ ಮಾತ್ರ ಅವತ್ತಿನ ಕೆಲಸ ಶುರು. ಒಂದು ಸೋಮವಾರ ಕೆಪಾಸಿಟರ್ ಇಲ್ಲದ ಬೋರ್ಡ್ ಹಸಿರಾಯಿತು. ಲೈನ್ ನಿಲ್ಲಿಸಿ, ಜಿಗ್ ಬಿಚ್ಚಿ, ಮಾಸ್‌ಫೆಟ್ ಬದಲಿಸಿ, ಕೋಡ್ ಮೇಲಿಂದ ಕೆಳಗೆ ಓದಿ, ಮಧ್ಯಾಹ್ನದ ತನಕ ಹುಡುಕಿದೆ. ಊಟದ ಹೊತ್ತಿಗೆ ರೀವರ್ಕ್ ಹುಡುಗ ಬಂದು, "ಸಾರ್, ಶನಿವಾರ ನಿಮ್ಮ ಮೇಜಿನ ಹತ್ರ ಕೆಂಪು ಡಬ್ಬೀಲಿ ಒಂದು ಬೋರ್ಡ್ ಸಿಕ್ತು, ಕೆಪಾಸಿಟರ್ ಬಿದ್ಹೋಗಿತ್ತು. ಹಾಕಿಟ್ಟಿದೀನಿ, ನೋಡಿದ್ರಾ?" ಅಂತ ಕೇಳಿದ. ಬಹಳ ನೀಟಾಗಿ ಸಾಲ್ಡರ್ ಮಾಡಿದ್ದ.